ನಾಯಿಗೆ ಹಾಕಿದ ಎಲೆ

ಭದ್ರಾವತಿ,
ತಾ. ೧೧-೨-೧೯೩೮, ಶುಕ್ರವಾರ

ಮನೆಯವರಿಗೆ,

ಪಾದಗಳಿಗೆ ನಮಸ್ಕಾರ ಎಂದು ಬರೆಯುವುದು ವಾಡಿಕೆ. ಈ ಸಲ ಬರೆಯುವುದಿಲ್ಲ. ಆ ಪಾದಗಳು ನನ್ನನ್ನು ಇಲ್ಲಿ ಬಿಟ್ಟು ಮಲ್ಪೆಯ ಮರಳಿನ ಮೇಲೆ ಓಡಾಡುತ್ತಿವೆ. ಅಲ್ಲಿಯವರೆಗೆ ಬಗ್ಗುವಷ್ಟು ಸಮಾಧಾನ ನನ್ನಲ್ಲಿ ಉಳಿದಿಲ್ಲ. ಕ್ಷೇಮವೇ ಎಂದು ಮಾತ್ರ ಕೇಳುತ್ತೇನೆ. ಕಾಗದದ ಮೊದಲಿಗೆ ಕೇಳಬೇಕು ಅಂತ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನೀವೂ ಈ ಸಲವಾದರೂ ನಿಜವನ್ನೇ ಬರೆಯಿರಿ. ಅತ್ತೆಯವರು ಆರೋಗ್ಯವಾಗಿದ್ದಾರೆ, ಮಂಡಿನೋವು ಇದ್ದದ್ದೇ. ನನಗೇನೂ ಆಗಿಲ್ಲ, ಎರಡು ದಿನದಿಂದ ಸಿಟ್ಟಿಗೆ ಊಟ ಸೇರುತ್ತಿಲ್ಲ, ಅಷ್ಟೆ.

ನಿಮ್ಮ ನಾಲ್ಕು ಪುಟದ ಕಾಗದ ಸೋಮವಾರ ಬಂತು. ಅತ್ತೆಯವರಿಗೆ ಓದಿ ಹೇಳಬೇಕಲ್ಲ, ಜಗಲಿಯಲ್ಲಿ ಕೂತು ದೊಡ್ಡದಾಗಿ ಓದಿದೆ. ಪಕ್ಕದ ಮನೆಯ ಪುಷ್ಪಮ್ಮನೂ ಅಕ್ಕಿ ಆರಿಸುವ ಮೊರ ಹಿಡಿದು ಬಂದು ಕೂತಳು. ಮೊದಲ ಪುಟದಲ್ಲಿ ಸುಬೇದಾರ. ಎರಡನೆಯ ಪುಟದಲ್ಲೂ ಸುಬೇದಾರ. ಸುಬೇದಾರ ಅಲೆಗೆ ಬೊಗಳಿದ್ದು, ಸುಬೇದಾರ ಏಡಿ ಕಂಡು ಬಾಲ ಮಡಚಿ ಓಡಿದ್ದು, ಸುಬೇದಾರ ಉಪ್ಪುನೀರು ಕುಡಿದು ಕಾರಿಕೊಂಡದ್ದು, ದೋಣಿಯವರು ಅವನಿಗೆ ದಿನಾ ಮೀನಿನ ತಲೆ ಹಾಕುವುದು. ಪುಷ್ಪಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಯಾರಮ್ಮ ಈ ಸುಬೇದಾರ್ರು, ನಿಮ್ಮ ಕಡೆ ನೆಂಟ್ರಾ?" ಅಂದಳು. ಅವಳಿಗೆ ಗೊತ್ತಿಲ್ಲವೇ? ಎರಡು ವರ್ಷದಿಂದ ಅವಳ ಕೋಳಿಗಳ ಹಿಂದೆ ಓಡಿದ ನಮ್ಮ ಮನೆಯ ನಾಯಿ. ನನ್ನನ್ನು ಆಡಿಕೊಳ್ಳುವುದಕ್ಕೇ ಕೇಳಿದಳು. ನಾಲ್ಕನೆಯ ಪುಟದ ಕೊನೆಗೆ ಜಾಗ ಉಳಿದಿತ್ತೆಂದು ಕಾಣುತ್ತದೆ, "ಅಮ್ಮನ ಮಂಡಿಗೆ ಎಣ್ಣೆ ಹಚ್ಚು" ಎಂದು ಒಂದು ಸಾಲು. ನಾನು ಹೇಗಿದ್ದೇನೆ ಎಂದು ಒಂದಕ್ಷರ ಇಲ್ಲ.

ಮದುವೆಯಾದ ವರ್ಷ ಶಿವಮೊಗ್ಗದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತು ನೀವು ಹೇಳಿದ ಮಾತು ನೆನಪಿದೆಯೇ? ತುಂಗೆ ಎಷ್ಟು ಅಗಲ ಇದ್ದಾಳೆ ಅಂತ ನಾನು ಬಾಯಿಬಿಟ್ಟದ್ದಕ್ಕೆ ನೀವು ನಕ್ಕು, "ಇದೇನು ಮಹಾ ಮಾರಾಯ್ತಿ, ಆಚೆ ದಡ ಕಾಣುತ್ತೆ. ದಡವೇ ಕಾಣದ ನೀರು ತೋರಿಸ್ತೀನಿ, ಇರು" ಅಂದಿರಿ. ಒಂಬತ್ತು ವರ್ಷ ಇದ್ದೆ. ದಫ್ತರದ ಧೂಳಿಗೆ ಕೆಮ್ಮು ಹಿಡಿದಿದೆ, ಡಾಕ್ಟರು ಸಮುದ್ರದ ಗಾಳಿ ತಗೋ ಅಂದಿದ್ದಾರೆ, ಒಂದು ತಿಂಗಳು ಮಲ್ಪೆಗೆ ಹೋಗಿ ಬರೋದು ಅಂತ ನೀವು ಹೇಳಿದ ದಿನ ನಾನು ಟ್ರಂಕು ಇಳಿಸಿ, ನಿಮ್ಮ ಪಂಚೆಗಳ ಮೇಲೆ ನನ್ನ ಎರಡು ಸೀರೆ ಮಡಿಸಿಟ್ಟೆ. ನೀವು ಆ ಸೀರೆಗಳನ್ನು ಎತ್ತಿ ಮಂಚದ ಮೇಲಿಟ್ಟಿರಿ. ಅಮ್ಮನನ್ನು ನೋಡುವವರು ಯಾರು ಅಂದಿರಿ. ಬಸ್ಸಿನಲ್ಲಿ ಜಾಗ ಸಿಕ್ಕುವುದಿಲ್ಲ ಅಂದಿರಿ. ಆಗುಂಬೆ ಘಾಟಿ ಇಳಿಯುವಾಗ ನಿನಗೆ ತಲೆ ತಿರುಗುತ್ತದೆ ಅಂದಿರಿ. ಇಷ್ಟೆಲ್ಲ ಅಂದು, ನಾಯಿಯ ಕೊರಳಿಗೆ ಸರಪಳಿ ಹಾಕಿಕೊಂಡು ಹೊರಟಿರಿ!

ನಿಮ್ಮನ್ನು ಬಸ್ಸು ಹತ್ತಿಸಲು ಶಿವಮೊಗ್ಗದವರೆಗೆ ಬಂದಿದ್ದ ಪುಷ್ಪಮ್ಮನ ಗಂಡ ಕರಿಯಣ್ಣ ಎಲ್ಲವನ್ನೂ ಹೇಳಿದ. ನಾಯಿಯನ್ನು ಮೇಲೆ ಸಾಮಾನಿನ ಜೊತೆ ಕಟ್ಟಿ ಎಂದ ಬಸ್ಸಿನವನ ಹತ್ತಿರ ಜಗಳ ಮಾಡಿ, ಅದಕ್ಕೂ ಒಂದು ಟಿಕೆಟ್ ತೆಗೆದು, ಕಿಟಕಿಯ ಪಕ್ಕ ಕೂರಿಸಿದಿರಂತೆ. ಕಿಟಕಿಯ ಪಕ್ಕ! ನನ್ನ ಜೊತೆ ಕುಂಸಿಯ ಮದುವೆಗೆ ಹೋದಾಗ ಗಾಳಿ ಬೇಕು ಅಂತ ಕಿಟಕಿಯಲ್ಲಿ ನೀವೇ ಕೂತವರು. ಕರಿಯಣ್ಣ ಇದನ್ನು ನಗುತ್ತ ಹೇಳಿದ. ನಾನು ಒಳಗೆ ಹೋಗಿ ಖಾರ ಅರೆದೆ.

ಸಮುದ್ರದ ಸಿಟ್ಟು ಈಚಿನದು. ಹಳೆಯ ಸಿಟ್ಟು ಎಲೆಯದು, ಅದನ್ನೂ ಇವತ್ತು ಬರೆದುಬಿಡುತ್ತೇನೆ. ಮನೆ ತುಂಬಿದ ದಿನದಿಂದ ನಿಮ್ಮ ಊಟವಾದ ಮೇಲೆ ನಿಮ್ಮ ಎಲೆಯಲ್ಲೇ ಬಡಿಸಿಕೊಂಡು ಉಂಡವಳು ನಾನು. ನಮ್ಮಮ್ಮ ಹಾಗೇ ಉಂಡಳು, ಅತ್ತೆಯವರೂ ಹಾಗೇ ಉಂಡರು. ನೀವು ಎಲೆಯ ತುದಿಯಲ್ಲಿ ಹಪ್ಪಳದ ಚೂರನ್ನೋ ಹಬ್ಬದ ದಿನ ಅರ್ಧ ಹೋಳಿಗೆಯನ್ನೋ ಬಿಟ್ಟು ಏಳುತ್ತಿದ್ದಿರಿ. ಅದು ನನಗೆ ಅಂತ ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ನನಗೆ ಅಷ್ಟು ಸಾಕಾಗಿತ್ತು. ದೀಪಾವಳಿ ಕಳೆದು ಒಂದು ವಾರಕ್ಕೆ, ನಾನು ಚೊಂಬಿನಲ್ಲಿ ನೀರು ಹಿಡಿದು ನಿಂತಿರುವಾಗಲೇ ನೀವು ಎಲೆಯನ್ನು ಕೈಯಾರೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಸುಬೇದಾರನ ಮುಂದೆ ಹಾಕಿದಿರಿ. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ ಹಾಗೇ. ನನ್ನಿಂದ ಏನು ತಪ್ಪಾಯಿತು ಅಂತ ಕೇಳಿದರೆ, "ನಾಯಿ ಸೊರಗಿದೆ, ತಿನ್ಲಿ ಬಿಡೆ" ಅಂದಿರಿ. ಆ ನಾಯಿ ನಮ್ಮ ಕಣಜದಷ್ಟು ದಪ್ಪ ಇತ್ತು.

ಆಮೇಲೆ ಕಳ್ಳರ ಕಾಟ ಅಂತ ಹಾಸಿಗೆಯನ್ನು ಜಗಲಿಗೆ ಹಾಕಿಕೊಂಡಿರಿ, ನಾಯಿಯ ಪಕ್ಕ. ನಿಮ್ಮ ಟವಲು, ನಿಮ್ಮ ಲೋಟ ನೀವೇ ತೊಳೆಯಲು ಶುರು ಮಾಡಿದಿರಿ. ನಾಯಿಯ ಕೂದಲಿಗೆ ಒಳ್ಳೆಯದು ಅಂತ ಒಂದು ಶೀಸೆ ಮೀನೆಣ್ಣೆ ತಂದು ಅಟ್ಟದ ಮೇಲಿಟ್ಟಿರಿ. ಶೀಸೆ ಖಾಲಿಯಾಗುತ್ತ ಬಂತು, ನಾಯಿಯ ಕೂದಲು ಇದ್ದ ಹಾಗೇ ಇತ್ತು. ನಾಯಿಯನ್ನು ದನದ ಡಾಕ್ಟರಿಗೆ ತೋರಿಸಬೇಕು ಅಂತ ಮೂರು ಸಲ ರೈಲು ಹತ್ತಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಿರಿ. ನನಗೆ ಹೊಟ್ಟೆ ಉರಿಯದೆ ಏನಾಗುತ್ತದೆ? ಒಂದು ದಿನ, ನೀವು ಕೆಲಸಕ್ಕೆ ಹೋದಾಗ, ಎಲೆ ನೆಕ್ಕುತ್ತಿದ್ದ ಆ ಪ್ರಾಣಿಗೆ ಸೌದೆಯಿಂದ ಹೊಡೆದೆ. ಕುಂಯ್ ಅಂತು. ಸ್ವಲ್ಪ ಹೊತ್ತಿಗೆ ಕುಂಟುತ್ತಾ ಬಂದು ನನ್ನ ಕಾಲ ಹತ್ತಿರವೇ ಮಲಗಿತು. ಇದನ್ನು ನಿಮಗೆ ಹೇಳಿರಲಿಲ್ಲ.

ಆ ಪಾಪ ಮನಸ್ಸಿನಲ್ಲಿದ್ದದ್ದಕ್ಕೇ ನಿಮ್ಮ ಕಾಗದದ ಮೂರನೆಯ ಪುಟವನ್ನು ಎರಡು ಸಲ ಓದಿದೆ. ಸುಬೇದಾರನಿಗೆ ಸಂಜೆಯಾದರೆ ಮೈ ಬಿಸಿಯಾಗುತ್ತದೆ, ಕೆಮ್ಮುತ್ತಾನೆ, ಮರಳಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾನೆ, ಬೆಳಗಿನ ಜಾವ ಬೆವರುತ್ತಾನೆ, ಆಗಾಗ ಊರಿನ ಕಡೆ ಮುಖ ಮಾಡಿ ಕೂರುತ್ತಾನೆ ಎಂದೆಲ್ಲ ಬರೆದಿದ್ದಿರಿ. ಮಂಗಳವಾರ ಅಗಸನಿಗೆ ಬಟ್ಟೆ ಹಾಕುವಾಗ ನಿಮ್ಮ ಹಳೆಯ ಕೋಟಿನ ಒಳಜೇಬಿನಲ್ಲಿ ಒಂದು ಡಾಕ್ಟರ ಚೀಟಿ ಸಿಕ್ಕಿತು. ಇಂಗ್ಲಿಷು, ನನಗೆ ಬಾರದು. ನಾಯಿಯದೇ ಚೀಟಿ ಅಂದುಕೊಂಡೆ. ಇನ್ನು ಯಾರದ್ದು ಅಂದುಕೊಳ್ಳಲಿ? ನಿಮ್ಮ ಮೇಲೆ ಎಷ್ಟೇ ಸಿಟ್ಟಿದ್ದರೂ ಬಾಯಿಲ್ಲದ ಪ್ರಾಣಿ ಏನು ಮಾಡೀತು, ಔಷಧ ತಂದು ಪಾರ್ಸಲ್ ಮಾಡೋಣ ಎಂದು ಬುಧವಾರ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೋದೆ.

ಪೇಟೆಯ ಔಷಧದ ಅಂಗಡಿಯಲ್ಲಿ ಸಿದ್ದಯ್ಯ ಎಂದು ಒಬ್ಬ ವಯಸ್ಸಾದ ಕಾಂಪೌಂಡರು. ಚೀಟಿ ನೋಡಿ, ಯಾರಿಗೆ ತಾಯಿ ಎಂದರು. ನಮ್ಮ ನಾಯಿಗೆ ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಹಲಗೆ ಎತ್ತಿ ಈಚೆ ಬಂದು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಇದು ನಾಯಿದಲ್ಲಮ್ಮ, ಮನುಷ್ಯರದು. ಮೇಲೆ ಹೆಸರು ಬರ್ದಿದಾರೆ ನೋಡಿ" ಎಂದು ನಿಮ್ಮ ಹೆಸರು ಓದಿದರು. ಒಂಬತ್ತು ವರ್ಷ ನಾನು ಬಾಯಲ್ಲಿ ಹೇಳದ ಹೆಸರು. ಇವರು ನಿಮಗೇನಾಗಬೇಕು ಎಂದು ಕೇಳಿದರು. ತಾಳಿ ತೋರಿಸಿದೆ. ಆಮೇಲೆ ಆ ಪುಣ್ಯಾತ್ಮರು ಒಂದೊಂದೇ ಸಾಲು ಬಿಡಿಸಿ ಹೇಳಿದರು. ಎದೆಯಲ್ಲಿ ಕ್ಷಯ. ಹಾಸಿಗೆ ಬೇರೆ ಇರಬೇಕು. ತಟ್ಟೆ, ಲೋಟ, ಟವಲು ಬೇರೆ ಇರಬೇಕು. ಎಂಜಲನ್ನು ಮನೆಯವರು ಮುಟ್ಟಬಾರದು. ದಿನಕ್ಕೆರಡು ಸಲ ಮೀನೆಣ್ಣೆ. ಅನುಕೂಲವಿದ್ದರೆ ಆರು ತಿಂಗಳು ಸಮುದ್ರದ ಗಾಳಿ. ತಾರೀಖು ಯಾವುದು ಎಂದು ಕೇಳಿದೆ. ದೀಪಾವಳಿ ಕಳೆದು ಒಂದು ವಾರ.

ವಾಪಸು ರೈಲಿನಲ್ಲಿ ನಿಮ್ಮ ಕಾಗದವನ್ನು ಮತ್ತೆ ತೆಗೆದು ಓದಿದೆ. ನಾಯಿ ಎಲ್ಲಾದರೂ ಬೆವರುತ್ತದೆಯೇ? ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅಷ್ಟು ಹೊಳೆಯಲಿಲ್ಲವಲ್ಲ! ನಾಲ್ಕು ಪುಟದಲ್ಲಿ ಎಲ್ಲವನ್ನೂ ಬರೆದಿದ್ದೀರಿ, ಸುಬೇದಾರ ಎಂದಿದ್ದ ಕಡೆ ನಿಮ್ಮ ಹೆಸರನ್ನು ಬರೆಯುವುದೊಂದು ಬಿಟ್ಟು. ಎದುರಿನ ಬೆಂಚಿನವರು ನೋಡುತ್ತಿದ್ದರು. ನೋಡಲಿ ಎಂದು ಅತ್ತುಬಿಟ್ಟೆ. ಭದ್ರಾವತಿಯ ಚಿಮಣಿಗಳು ಕಾಣುವಷ್ಟರಲ್ಲಿ ಅಳು ನಿಂತು ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇದೆ.

ನನ್ನನ್ನು ಏನಂದುಕೊಂಡಿದ್ದೀರಿ? ಮೂರು ತಿಂಗಳು ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹಾಗೆ ಮಾಡಿದಿರಿ. ಗಂಡನಿಗೆ ನಾನು ಬೇಡವಾದೆ ಅಂತ ಹಿತ್ತಲಲ್ಲಿ ಕೂತು ಎಷ್ಟು ದಿನ ಅತ್ತಿದ್ದೇನೆ ಗೊತ್ತೇ? ಹೇಳಿದರೆ ನಾನು ಹಟ ಮಾಡಿ ನಿಮ್ಮ ಎಲೆಯಲ್ಲೇ ಉಣ್ಣುತ್ತೇನೆ ಎಂದು ಹೆದರಿದಿರಿ. ಸರಿ, ಹಟ ಮಾಡುತ್ತಿದ್ದೆ. ಎರಡು ದಿನ ಮಾಡುತ್ತಿದ್ದೆ. ಮೂರನೆಯ ದಿನ ಕೂರಿಸಿ ಬುದ್ಧಿ ಹೇಳಿದ್ದರೆ ಕೇಳುತ್ತಿರಲಿಲ್ಲವೇ? ಕನ್ನಡ ಲೋವರ್ ಸೆಕೆಂಡರಿ ಓದಿದವಳು ನಾನು, ಅಷ್ಟು ಮಂಕು ಅಲ್ಲ. ಅದು ಹೋಗಲಿ, ನಾಯಿಗೆ ಕಾಯಿಲೆ ಅಂಟುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ಅದಕ್ಕೂ ಜೀವ ಇಲ್ಲವೇ? ಏನಾಯಿತು, ಯಾಕೆ ಕೆಮ್ಮುತ್ತೀರಿ ಎಂದು ಅದು ಕೇಳುವುದಿಲ್ಲ, ಅದಕ್ಕೇ ಅದನ್ನು ಕರೆದುಕೊಂಡು ಹೋದಿರಿ. ಅಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ನನಗೆ ಒಂದು ತಂತಿ ಬರುತ್ತಿತ್ತು, ಅಲ್ಲವೇ? ನಾನು ತಂತಿ ಹಿಡಿದುಕೊಂಡು ಬಂದು ಮೊದಲ ಸಲ ಸಮುದ್ರ ನೋಡಬೇಕಾಗಿತ್ತು. ಅದನ್ನು ನೆನೆದರೆ ಈ ಕಾಗದವನ್ನು ಹರಿದು ಒಲೆಗೆ ಹಾಕಿ ಎದುರಿಗೇ ಬಂದು ಬೈಯೋಣ ಅನ್ನಿಸುತ್ತದೆ.

ಅತ್ತೆಯವರಿಂದ ಮುಚ್ಚಿಡಬೇಕು ಅಂದುಕೊಂಡೆ, ಆಗಲಿಲ್ಲ. ನಿಮ್ಮ ಹಾಗೆ ಸುಳ್ಳು ಹೇಳುವ ವಿದ್ಯೆ ನನಗೆ ಬಾರದು. ಕೇಳಿ ಮಂಡಿ ಉಜ್ಜಿಕೊಳ್ಳುತ್ತಾ ಕೂತರು. ಆಮೇಲೆ ನಿಮ್ಮನ್ನು ಬೈದರು, ನನಗಿಂತ ಚೆನ್ನಾಗಿ ಬೈದರು. "ಸಣ್ಣೋನಿದ್ದಾಗ್ಲೂ ಷಣ್ಮುಖ ಹಿಂಗೇಯ. ಎಲ್ಲಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡ್ರೆ ಹೇಳ್ದೆ ಹೋಗಿ ಕೊಟ್ಟಿಗೇಲಿ ಕರೂನ ತಬ್ಕೊಂಡು ಕೂರ್ತಿದ್ದ. ಈಗ ನಾಯಿ ತಬ್ಕೊಂಡು ಕೂತವ್ನೆ" ಅಂದರು. ಅಷ್ಟು ಹೇಳಿ ಅವರಿಗೂ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಂಚದ ಕೆಳಗಿದ್ದ ಟ್ರಂಕನ್ನು ಊರುಗೋಲಿನಿಂದ ಎಳೆದು ನನ್ನ ಕಡೆ ತಳ್ಳಿದರು. "ನನ್ ಮಂಡಿ ನಾನು ನೋಡ್ಕೋತೀನಿ. ನೀನು ಹೊರಡು ಮಾರಾಯ್ತಿ." ಅಮ್ಮನನ್ನು ನೋಡುವವರು ಯಾರು ಎಂದು ಕೇಳಿದ್ದಿರಲ್ಲ, ಅಮ್ಮನೇ ಉತ್ತರ ಕೊಟ್ಟಿದ್ದಾರೆ. ಎರಡು ಹೊತ್ತಿನ ಊಟ ಪುಷ್ಪಮ್ಮ ತಂದುಕೊಡುತ್ತಾಳೆ. ನಿಮ್ಮ ಕಾಗದಕ್ಕೆ ನಕ್ಕದ್ದಕ್ಕೆ ಅವಳು ನಿನ್ನೆಯಿಂದ ನನ್ನ ಮುಖ ನೋಡುತ್ತಿಲ್ಲ, ಪಾಪ.

ಅತ್ತೆಯವರು ಆಶೀರ್ವಾದ ಬರೆಸಿದ್ದಾರೆ, ಎರಡು ಸಲ ಬರೆ ಅಂದರು. ಕರಿಯಣ್ಣನ ಮನೆಯವರ ನಮಸ್ಕಾರಗಳು. ನನ್ನದೇನೂ ಇಲ್ಲ, ಬಂದ ಮೇಲೆ ನೋಡೋಣ.

ಇಂತು,
ಸಿಟ್ಟು ಇಳಿಯದ ನಿಮ್ಮ
ಸುಭದ್ರೆ

ಮತ್ತೆ: ಕರಿಯಣ್ಣ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ಬುಧವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತುತ್ತೇನೆ. ತಲೆ ತಿರುಗಿದರೆ ತಿರುಗಲಿ. ಬಸ್ಸು ನಿಲ್ಲುವಲ್ಲಿಗೆ ನಾಯಿಯನ್ನು ಬಿಟ್ಟು ನೀವು ದೂರದಲ್ಲಿ ನಿಲ್ಲುವ ಉಪಾಯ ಮಾಡಬೇಡಿ. ಇವತ್ತಿನಿಂದ ನಿಮ್ಮ ಎಲೆಯನ್ನು ಸುಬೇದಾರನಿಗೆ ಹಾಕಕೂಡದು, ಸುಟ್ಟುಬಿಡಿ. ನಾನು ಬಂದ ಮೇಲೆ ಮೂರು ಎಲೆ ಹಾಕುತ್ತೇನೆ. ನಿಮ್ಮದೊಂದು, ಎದುರಿಗೆ ನನ್ನದೊಂದು, ಬಾಗಿಲಾಚೆ ಅದಕ್ಕೊಂದು. ನಿಮ್ಮ ಎಲೆಯಲ್ಲಿ ಉಣ್ಣುವುದಿಲ್ಲ, ಅತ್ತೆಯವರ ಕಾಲು ಮುಟ್ಟಿ ಹೇಳಿದ್ದೇನೆ. ಅವರು ಹೋಳಿಗೆ ಕಟ್ಟಿಕೊಡುತ್ತಿದ್ದಾರೆ. ನನ್ನ ಅರ್ಧವನ್ನು ಊಟಕ್ಕೆ ಕೂರುವ ಮೊದಲೇ ಕೈ ತೊಳೆದು ಮುರಿದು ನನ್ನ ಎಲೆಗೆ ಹಾಕಿ.