ಸಾಬಮ್ಮನಿಗೆ ಓದಿ ಹೇಳಿದ ಕಾಮೆಂಟುಗಳು

ಸೇಡಂ
1 ಸೆಪ್ಟೆಂಬರ್ 2024, ರವಿವಾರ

ಕರಿ ಕೋಟು ಹಾಕಿಕೊಂಡರೂ ನನ್ನ ಹಾಸ್ಟೆಲ್ ಗೆಳತಿಯಾಗಿಯೇ ಉಳಿದಿರುವ ಜಬೀನಾಗೆ,

ನಿನ್ನ ಪ್ರಮಿತಾಳ ಸಲಾಮು. ವಾಟ್ಸಾಪ್ ಇರುವಾಗ ಅಂಚೆ ಚೀಟಿ ಹಚ್ಚಿದ್ದಾಳಲ್ಲ, ಇವಳಿಗೆ ಏನಾಯಿತು ಎಂದು ಗಾಬರಿಯಾಗಬೇಡ. ಫೋನ್ ಮಾಡಿದರೆ ನೀನು ಚಿತ್ತಾಪುರ ಕೋರ್ಟಿನ ಗದ್ದಲದಲ್ಲಿ ನಿಂತು "ಹೌದೋ ಅಲ್ಲೋ, ಅಷ್ಟ ಹೇಳು" ಅಂತೀಯ. ನನ್ನ ಹತ್ತಿರ ಹೌದೂ ಇದೆ, ಅಲ್ಲವೂ ಇದೆ, ಎರಡೂ ಒಂದೇ ಉಸಿರಿನಲ್ಲಿವೆ. ಅಲ್ಲದೆ ಕಾಗದಕ್ಕೆ ಇನ್ನೊಂದು ಗುಣ ಉಂಟೆಂದು ಈಚೆಗೆ ಗೊತ್ತಾಗಿದೆ: ಇದರ ಕೆಳಗೆ ಯಾರೂ ಕಾಮೆಂಟ್ ಹಾಕುವುದಿಲ್ಲ.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ಉಳಿದ ಹೊತ್ತಿನಲ್ಲಿ ನಾನು ಬ್ಲಾಗ್ ಬರೆಯುವುದು ನಿನಗೆ ಗೊತ್ತು. ಓದುವವರು ಒಟ್ಟು ಅರವತ್ತು ಜನ. ಅದರಲ್ಲಿ ನಲವತ್ತು ಜನ ನನ್ನ ವಿದ್ಯಾರ್ಥಿಗಳು, ಇಂಟರ್ನಲ್ ಅಂಕದ ಆಸೆಯವರು. ಉಳಿದ ಇಪ್ಪತ್ತರಲ್ಲಿ ನೀನೊಬ್ಬಳು, ಓದದೆಯೇ ಲೈಕ್ ಒತ್ತುವವಳು. ಡಾಕ್ಟರು ದಿನಾ ವಾಕ್ ಮಾಡಿ ಎಂದಾಗ, ನನಗೆ ಸಂವಿಧಾನವೇ ವಾಕ್ ಸ್ವಾತಂತ್ರ್ಯ ಕೊಟ್ಟಿದೆ, ಕೂತಲ್ಲೇ ಮಾಡುತ್ತೇನೆ ಎಂದು ಬರೆದವಳು ನಾನು. ಅಂಥ ಬಡ ಬ್ಲಾಗಿಗೆ ಹೋದ ತಿಂಗಳು ಒಂದೇ ವಾರದಲ್ಲಿ ಇನ್ನೂರ ಹದಿನಾಲ್ಕು ಕಾಮೆಂಟ್ ಬಂದವು. ಈಗ ನಾಳೆಯದು ಬಿಟ್ಟು ಮುಂದಿನ ಸೋಮವಾರ, ಒಂಬತ್ತನೇ ತಾರೀಖು, ಠಾಣೆಗೆ ಬನ್ನಿ ಎಂದು ಕರೆಯೂ ಬಂದಿದೆ. ಆ ಲೇಖನ ಇಡಲೋ ತೆಗೆಯಲೋ ಎಂದು ಅಲ್ಲಿ ಹೇಳಬೇಕು. ನನ್ನ ತಲೆಯೋ ವಾಡಿ ಜಂಕ್ಷನ್ ಆಗಿದೆ, ಮೂರೂ ದಿಕ್ಕಿನಿಂದ ಗಾಡಿ ಬಂದು ನಿಂತಿವೆ, ಒಂದಕ್ಕೂ ಸಿಗ್ನಲ್ ಇಲ್ಲ.

ಮೊದಲಿಂದ ಹೇಳುತ್ತೇನೆ. ಸ್ವಾತಂತ್ರ್ಯ ದಿನಕ್ಕೆ ಭಾಷಣ ಮಾಡಲು ಕಾಗಿಣಾ ಹೊಳೆಯ ದಂಡೆಯ ಒಂದು ಹಳ್ಳಿಗೆ ನನ್ನನ್ನು ಕರೆದಿದ್ದರು. ಹಳ್ಳಿಯ ಹೆಸರು ಬರೆಯುವುದಿಲ್ಲ, ಅಷ್ಟು ಬುದ್ಧಿ ಈಗ ಬಂದಿದೆ. ಅಲ್ಲಿಯ ಅಣವೀರ ಎಂಬ ಹುಡುಗ ಸೈನ್ಯದಲ್ಲಿದ್ದ. ಮೂರು ವರ್ಷದ ಹಿಂದೆ ಗಡಿಯಲ್ಲಿ ನೆಲಬಾಂಬಿಗೆ ಸಿಕ್ಕು ತೀರಿಕೊಂಡ. ಅದೇ ಸ್ಫೋಟದಲ್ಲಿ ಅದೇ ಊರಿನ, ಅದೇ ಪಡೆಯ ದತ್ತು ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು ಬದುಕಿ ಬಂದ. ಅಣವೀರನ ಹೆಸರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸ್ಮಾರಕದ ಕಲ್ಲು ನಿಲ್ಲಿಸಿದ್ದರು, ಶಹಾಬಾದ ಕಲ್ಲು, ಆಳೆತ್ತರದ್ದು. ದತ್ತುವಿನ ಹೆಸರು ಎಲ್ಲಿಯೂ ಇರಲಿಲ್ಲ. ಬದುಕಿರುವವರ ಹೆಸರು ಕೆತ್ತುವ ಪದ್ಧತಿ ಇಲ್ಲವಂತೆ. ಅವರಿಗೆ ಪ್ರತಿವರ್ಷ ಶಾಲು.

ನನ್ನ ಭಾಷಣ ಮುಗಿದ ಮೇಲೆ ಬಿಸಿಲು ತಡೆಯದೆ ಕಲ್ಲಿನ ಹಿಂದಿನ ನೆರಳಿಗೆ ಹೋದೆ. ಅಲ್ಲಿ ದತ್ತು ಕೂತಿದ್ದ. ಹೊಸ ಶಾಲು ಮಡಿಲಲ್ಲಿ, ಕೃತಕ ಕಾಲು ಬಿಚ್ಚಿ ಪಕ್ಕದಲ್ಲಿ. ಬೆವರಿಗೆ ಗಾಯದ ಜಾಗ ಕಡಿಯುತ್ತದಂತೆ, ದಿನಾ ಸಂಜೆ ಇಲ್ಲೇ ಕೂತು ಗಾಳಿ ಕೊಡುತ್ತಾನಂತೆ. ಏನು ಮಾತಾಡಬೇಕೋ ತಿಳಿಯದೆ ಶಾಲು ಚೆನ್ನಾಗಿದೆ ಅಂದೆ. ಅದಕ್ಕವನು, "ಮೂರ್ನೇದ್ದು ನೋಡ್ರಿ ಮೇಡಮ್. ನಾ ಚೊಲೊ ಕಾಲು ಕೊಡಸ್ರಿ ಅಂತೀನಿ, ಇವರು ಶಾಲು ಹೊಚ್ಚತಾರ" ಅಂದ. ಜಬೀನಾ, ಇಪ್ಪತ್ತು ವರ್ಷದಿಂದ ಪನ್ ಮಾಡುತ್ತಿರುವ ನಾನು ಅವನಿಗೆ ಕೈ ಮುಗಿದೆ.

ಆಗಲೇ ಕಲ್ಲಿನ ಬೆನ್ನು ಕಂಡಿದ್ದು. ನಮ್ಮ ಕಡೆ ಕಲ್ಲಿಗೆ ಒಂದೇ ಮುಖಕ್ಕೆ ಪಾಲಿಶ್ ಹಿಡಿಯುತ್ತಾರೆ, ಇನ್ನೊಂದು ಮುಖ ಒರಟಾಗಿಯೇ ಇರುತ್ತದೆ, ನಿನ್ನ ತವರಿನವರೇ ಕಲ್ಲಿನ ಕೆಲಸದವರು, ನಿನಗೇ ಹೇಳಬೇಕೆ. ಈ ಕಲ್ಲಿಗೆ ಹಿಂದೆಯೂ ಪಾಲಿಶ್. ಸುಣ್ಣ ಬಳಿದಿದ್ದರು, ಎರಡು ಮಳೆಗಾಲಕ್ಕೆ ಸುಣ್ಣ ತೊಳೆದುಹೋಗಿ ಕೆಳಗಿನ ಅಕ್ಷರ ಎದ್ದಿದ್ದವು: "ಸಾರ್ವಜನಿಕ ಶೌಚಾಲಯದ ಉದ್ಘಾಟನೆ", ಅದರ ಕೆಳಗೆ ಹನ್ನೊಂದು ಗಣ್ಯರ ಹೆಸರು. ಹಳೆಯ ಕಲ್ಲನ್ನೇ ತಿರುವಿ ಹಾಕಿ ಸ್ಮಾರಕ ಸಮಿತಿ ಕೆಲಸ ಮುಗಿಸಿತ್ತು. ಆ ಶೌಚಾಲಯ ಎಂದೋ ಬಿದ್ದುಹೋಗಿದೆ.

ನಾನು ಮೊಬೈಲ್ ತೆಗೆದೆ. ದತ್ತು "ಬ್ಯಾಡ್ರಿ" ಅಂದ.

ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಬೇಡ ಅಂದಿದ್ದು ತನ್ನ ಕಾಲಿನ ಫೋಟೋಕ್ಕೆ ಎಂದುಕೊಂಡು, ಕಾಲು ಬಾರದಂತೆ ನಾಲ್ಕು ಹೆಜ್ಜೆ ಸರಿದು, ಬಹಳ ಸೂಕ್ಷ್ಮ ಮನಸ್ಸಿನವಳ ಹಾಗೆ ಕಲ್ಲಿನದಷ್ಟೇ ತೆಗೆದೆ. ಮನೆಗೆ ಬಂದು ಎರಡೂ ಮುಖದ ಫೋಟೋ ಹಾಕಿ "ಕಲ್ಲಿನ ಬೆನ್ನು ಕಂಡವರುಂಟೆ?" ಎಂದು ಬರೆದೆ. ಶಿಲಾನ್ಯಾಸಕ್ಕೂ ಶಿಲಾಮೋಸಕ್ಕೂ ನಡುವೆ ಬರೀ ಒಂದು ಕೋಟು ಸುಣ್ಣ, ಹುತಾತ್ಮರಿಗೆ ಮುಂಬಾಗಿಲು, ಗಣ್ಯರಿಗೆ ಹಿಂಬಾಗಿಲು, ಹೀಗೆ. ಬರೆಯುವಾಗ ನಾನೇ ಮೂರು ಸಲ ನಕ್ಕೆ. ಅದರಲ್ಲಿ ಸುಳ್ಳು ಒಂದಕ್ಷರ ಇಲ್ಲ, ನೀನು ಯಾವ ಕಟಕಟೆಯಲ್ಲಿ ಬೇಕಾದರೂ ನಿಲ್ಲಿಸು.

ವಾಟ್ಸಾಪಿನಲ್ಲಿ ಅದು ಚಿಂಚೋಳಿಯವರೆಗೆ ಓಡಿತು. ಮೂರನೇ ದಿನ ಬೆಳಿಗ್ಗೆ ಸಮಿತಿಯವರು ಟ್ರ್ಯಾಕ್ಟರ್ ತಂದು ಕಲ್ಲನ್ನೇ ಕಿತ್ತುಕೊಂಡು ಹೋದರು. "ಗ್ರಾನೈಟ್ ಹಾಕಸ್ತೀವಿ" ಅಂದರಂತೆ. ಯಾವಾಗ ಎಂದು ಹೇಳಲಿಲ್ಲ. ಅಲ್ಲೀಗ ಒಂದು ತಗ್ಗು ಇದೆ, ಅಷ್ಟೆ. ಮರುದಿನ, ಬ್ಲಾಗಿನಲ್ಲಿ ಹುತಾತ್ಮನಿಗೆ ಅವಮಾನವಾಗಿದೆ, ಬರಹ ತೆಗೆಸಿ ಕ್ಷಮೆ ಕೇಳಿಸಿ ಎಂದು ಸಮಿತಿಯವರಿಂದ ಠಾಣೆಯಲ್ಲಿ ನನ್ನ ಮೇಲೇ ಅರ್ಜಿ. ಎರಡೂ ಕಡೆಯವರು ಬನ್ನಿ, ಕೂತು ಮಾತಾಡೋಣ ಎಂದು ಠಾಣೆಯವರು ಸಮಾಧಾನದಿಂದಲೇ ಕರೆದಿದ್ದಾರೆ. ಲೇಖನ ತೆಗೆದರೆ ಆ ಕಲ್ಲು ಹಾಗಿತ್ತು ಅನ್ನುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಆದ್ದರಿಂದ ಒಂದಕ್ಷರ ತೆಗೆಯುವುದಿಲ್ಲ ಎಂದು ಸೆರಗು ಬಿಗಿದುಕೊಂಡೆ.

ಅಷ್ಟರಲ್ಲಿ ದತ್ತು ಫೋನ್ ಮಾಡಿದ. "ಬ್ಯಾಡ್ರಿ ಅಂದಿದ್ನಿಲ್ರಿ ಮೇಡಮ್? ಕಾಲಿಗಿ ಅಂದ್ಕೊಂಡ್ರೇನು? ನನ್ನ ಕಾಲು ಊರಿಗೇ ಗೊತ್ತದ. ಕಲ್ಲಿಗಿ ಅಂದಿದ್ದೆ. ಒಂದು ವರ್ಷಾತು, ನಾ ಒಬ್ಬನೇ ಅದನ್ನ ನೋಡಿ ಒಬ್ಬನೇ ನಗಾಕತ್ತಿದ್ದೆ. ಅಣವೀರ ಇದ್ದಿದ್ರ ಅಂವನೂ ಬಿದ್ದು ಬಿದ್ದು ನಗ್ತಿದ್ದ. ಆದ್ರ ಅವರವ್ವ ಅದಾಳಲ್ರಿ" ಎಂದು ಇಟ್ಟುಬಿಟ್ಟ.

ಅವರವ್ವ, ಸಾಬಮ್ಮ, ನಿನ್ನೆಯದಲ್ಲ, ಅದರ ಹಿಂದಿನ ಶನಿವಾರ ನಮ್ಮ ಮನೆಗೇ ಬಂದರು. ದಿನಾ ಸೇಡಂ ಬಜಾರಕ್ಕೆ ಪುಂಡಿಪಲ್ಯದ ಸೊಪ್ಪು ತಂದು ಮಾರುವವರು. ಖಾಲಿ ಬುಟ್ಟಿ ಕಟ್ಟೆಯ ಮೇಲಿಟ್ಟು, "ಅಕ್ಕೋರ, ನನ್ನ ಮಗನ ಕಲ್ಲು ನಿಮ್ಮ ಮೊಬೈಲ್‌ನ್ಯಾಗ ಅದ ಅಂತಲ್ರಿ, ಜರಾ ತೋರಸ್ರಿ" ಅಂದರು. ಬಯ್ಯಲು ಬಂದಿದ್ದಾರೆ ಎಂದು ನಾನು ಬೇಕಾದಷ್ಟು ವಾದ ಸಿದ್ಧ ಮಾಡಿದ್ದೆ. ಅವರು ವಾದ ಕೇಳಲಿಲ್ಲ. ಅವರಿಗೆ ಓದು ಬರದು. ದಿನಾ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಆ ಕೆತ್ತಿದ ಅಕ್ಷರದೊಳಗೆ ಬೆರಳಾಡಿಸಿ ರೂಢಿ. ಈಗ ಪರದೆಯ ಮೇಲೆ ಬೆರಳಾಡಿಸಿದರು. ಪರದೆ ಜಾರಿ ಕೆಳಗಿನ ಕಾಮೆಂಟು ಬಂದವು. "ಇಷ್ಟು ಮಂದಿ ಏನ್ ಬರದಾರ್ರಿ? ಓದ್ರಿ" ಅಂದರು.

ಮೊದಲನೆಯದು ಹಲ್ಲು ಕಿರಿಯುವ ಐದು ಮುಖ, ಜೊತೆಗೆ "ಒಂದಕ್ಕೋ ಎರಡಕ್ಕೋ ಗೌರವ?" ಎರಡನೆಯದು ಅದಕ್ಕಿಂತ ಹೊಲಸು. ಮೂರನೆಯದು "ಭಲೇ ಮೇಡಂ, ನಕ್ಕು ಹೊಟ್ಟೆ ಹುಣ್ಣಾಯಿತು". ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಅಣವೀರ, ನಿಮ್ಮನ್ನು ಮರೆತಿಲ್ಲ."

"ಯಾರು ಬರದಾರ?"

"ವಾಡಿಯವರು."

"ವಾಡ್ಯಾಗ ಯಾರು?"

ಸಿಕ್ಕಿಬಿದ್ದೆ ನೋಡು. ಲಾಲ್ ಅಹ್ಮದ್ ಅಂದೆ. ಇಲ್ಲದ ಆ ಮನುಷ್ಯನಿಗೆ ಸ್ಟೇಷನ್ ಹತ್ತಿರ ಚಹಾ ಅಂಗಡಿ ಹಾಕಿಕೊಟ್ಟೆ, ಅಣವೀರ ರಜೆಗೆ ಬಂದಾಗಲೆಲ್ಲ ಅವನಲ್ಲಿ ಚಹಾ ಕುಡಿದು ಚಿಲ್ಲರೆ ಬಿಟ್ಟು ಹೋಗುತ್ತಿದ್ದ ಎಂದು ಓದಿದೆ. ಸಾಬಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ನನ್ನ ಮಗ? ಚಿಲ್ಲರ ಬಿಟ್ಟಾನ? ಒಂದ್ ರೂಪಾಯಿಗಿ ಅರ್ಧ ತಾಸು ಅಂಗಡಿ ಮುಂದ ನಿಂದ್ರಾಂವ್ರಿ ಅಂವ!"

ಮರುದಿನ ಮತ್ತೆ ಬಂದರು. ಅದರ ಮರುದಿನವೂ. ಎಂಟು ದಿನವಾಯಿತು, ದಿನಾ ಬರುತ್ತಿದ್ದಾರೆ. "ಆ ಚಾದಂಗಡಿಯಾಂವ ಮತ್ತೇನ್ ಬರದಾನ್ರಿ?" ಅನ್ನುತ್ತಾರೆ. ನಾನು ಬೆಳಿಗ್ಗೆ ಪಾಠದ ಟಿಪ್ಪಣಿ ಬಿಟ್ಟು ಕಾಮೆಂಟು ತಯಾರು ಮಾಡುತ್ತೇನೆ. ಅಣವೀರ ಭಾರೀ ಈಜುಗಾರನಂತೆ ಎಂದು ಓದಿದರೆ ಅದನ್ನೂ ತಿದ್ದಿದರು. ಹೊಳೆ ದಂಡೆಯ ಮನೆತನದಲ್ಲಿ ನೀರಿಗೆ ಹೆದರುವವನು ಅವನೊಬ್ಬನೇ. ಸೈನ್ಯದಲ್ಲಿ ಈಜು ಕಲಿತು, ಮೊದಲ ರಜೆಯಲ್ಲಿ ಊರವರನ್ನೆಲ್ಲ ದಂಡೆಗೆ ಕರೆದು ಕಾಗಿಣಾ ದಾಟಿದನಂತೆ. "ಹೋಗಾವಾಗ ಈಸಿ ಹೋದ್ನ್ರಿ. ಆ ಕಡಿ ನಿಂತು ನೀರು ನೋಡಿ ಅಂಜಿಕಿ ಬಂತು. ಬರಾವಾಗ ಹಸೀ ಚಡ್ಡ್ಯಾಗ ಬಸ್ಸಿಗಿ ಬಂದ. ಕಂಡಕ್ಟರ್ ಕುಂದ್ರಾಕ ಕೊಡಲಿಲ್ಲ, ನಿಂತೇ ಬಂದ." ಇದನ್ನು ಹೇಳಿ ಅವರು ಎಷ್ಟು ನಕ್ಕರೆಂದರೆ, ಒಳಗಿದ್ದ ನಮ್ಮತ್ತೆ ಅನಸೂಯಾಬಾಯಿ ಚಹಾ ಹಿಡಿದು ಹೊರಗೆ ಬಂದು ಪಕ್ಕದಲ್ಲೇ ಕೂತರು. ಆಮೇಲೆ ನನಗೆ, "ಇಷ್ಟು ಮರ್ಯಾದಸ್ಥ ಮಂದಿ ನಿನ್ನ ಬ್ಲಾಗ್ ಓದ್ತಾರಂತ ನನಗ ಗೊತ್ತೇ ಇರ್ಲಿಲ್ಲ ನೋಡು ಪ್ರಮೀ" ಅಂದರು.

ನಿನಗೆ ನಗು ಬರುತ್ತಿದೆ, ಬರಲಿ. ಒಂದಕ್ಷರ ತೆಗೆಯುವುದಿಲ್ಲ ಎಂದು ಊರಿಗೆಲ್ಲ ಹೇಳಿದವಳು ಮನೆಯ ಕಟ್ಟೆಯ ಮೇಲೆ ದಿನಾ ಇನ್ನೂರ ಹದಿನಾಲ್ಕಕ್ಕೂ ಕತ್ತರಿ ಹಾಕುತ್ತಿದ್ದೇನೆ. ಸರ್ಕಾರ ಮಾಡಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ.

ಮೊನ್ನೆ ಇನ್ನೊಂದು ಕೆಲಸ ಮಾಡಿದೆ. ಕಾಮೆಂಟುಗಳಲ್ಲಿ "ಅಣವೀರ" ಎಂದು ಹುಡುಕಿದೆ. ಒಂದರಲ್ಲೂ ಇಲ್ಲ. ಸಮಿತಿ ಇದೆ, ಶೌಚಾಲಯ ಇದೆ, ನನ್ನ ಹೆಸರು ನಲವತ್ತೆಂಟು ಸಲ ಇದೆ. ನನ್ನ ಲೇಖನದಲ್ಲಿ ಅವನ ಹೆಸರು ಒಂದೇ ಒಂದು ಸಲ ಬಂದಿದೆ, ಅದೂ ಕಲ್ಲಿನ ಮೇಲೆ ಏನು ಬರೆದಿತ್ತು ಎಂದು ಹೇಳುವಾಗ. ದತ್ತುವಿನ ಹೆಸರು ಒಮ್ಮೆಯೂ ಇಲ್ಲ. ಅಂದಮೇಲೆ ಸಮಿತಿಯವರಿಗೂ ನನಗೂ ಏನು ವ್ಯತ್ಯಾಸ ಹೇಳು? ಇದೆ, ವ್ಯತ್ಯಾಸ ಇದೆ, ಅವರು ಕಲ್ಲು ತಿರುವಿದರು, ನಾನು ನಿಜ ಹೇಳಿದೆ. ಇಲ್ಲಿಗೆ ಬಂದು ನನ್ನ ಗಾಡಿ ನಿಲ್ಲುತ್ತದೆ. ನಿಜ ಹೇಳಿದ್ದಕ್ಕೆ ಕ್ಷಮೆ ಕೇಳಲಾರೆ. ಅದನ್ನು ಹೇಳಿದ ದನಿಗೆ ಕೇಳಬೇಕು ಅನ್ನಿಸುತ್ತದೆ, ಆದರೆ ಕೇಳಿದರೆ ಸಮಿತಿಯವರು ಅದನ್ನೇ ಗೆಲುವೆಂದು ಹಾರ ಹಾಕಿಕೊಳ್ಳುತ್ತಾರೆ. ಲೇಖನ ಇಟ್ಟರೆ ಆ ನಗುವೆಲ್ಲ ಸಾಬಮ್ಮನ ಮಗನ ಹೆಸರಿನ ಕೆಳಗೇ ಇರುತ್ತದೆ. ಎಂದಾದರೂ ಯಾರಾದರೂ ಅವರಿಗೆ ನಿಜವಾಗಿ ಓದಿ ಹೇಳಿದರೆ? ತೆಗೆದರೆ ಅವರಿಗೆ ಬೆರಳಾಡಿಸಲು ಇರುವ ಒಂದೇ ಕಲ್ಲೂ ಹೋಗುತ್ತದೆ.

ಕಾನೂನು ಹೇಳಬೇಡ, ಜಬೀನಾ. ನಿನಗೆ ಸೆಕ್ಷನ್ನು, ನನಗೆ ಟೆನ್ಷನ್ನು. ಹಾಸ್ಟೆಲಿನಲ್ಲಿ ನನ್ನ ಪ್ರಬಂಧ ಓದಿ "ಈ ಸಾಲು ಬ್ಯಾಡ, ಹೊಡಿ" ಅನ್ನುತ್ತಿದ್ದೆಯಲ್ಲ, ಆ ಜಬೀನಾಗೆ ಕೇಳುತ್ತಿದ್ದೇನೆ. ಲೇಖನದ ಪ್ರಿಂಟು ಇದರೊಳಗೆ ಇಟ್ಟಿದ್ದೇನೆ. ಈ ಸಲವಾದರೂ ಓದಿ ಲೈಕ್ ಮಾಡು.

ನಿನ್ನ, ಬಾಯಿ ದೊಡ್ಡದು ಬುದ್ಧಿ ಸಾಲದು ಎಂದು ನೀನೇ ಹೆಸರಿಟ್ಟ,
ಪ್ರಮಿತಾ

ಮತ್ತೆ: ಇವತ್ತು ಸೋಮವಾರ. ರವಿವಾರ ಅಂಚೆ ಇಲ್ಲದ್ದಕ್ಕೆ ಕಾಗದ ಇಲ್ಲೇ ಇತ್ತು. ಈಗಷ್ಟೇ ಸಾಬಮ್ಮ ಬಂದು ಹೋದರು. ಓದಲು ಮೊಬೈಲ್ ತೆಗೆದರೆ, "ಇವತ್ತು ಬ್ಯಾಡ್ರಿ ಅಕ್ಕೋರ, ಭಾಳ ದಣದೀರಿ" ಅಂದರು. ನನ್ನ ಹತ್ತಿರ ಮೊದಲ ಸಲ ಬರುವ ಹಿಂದಿನ ದಿನವೇ ದತ್ತು ಅವರನ್ನು ಕೂರಿಸಿಕೊಂಡು ಎಲ್ಲ ಕಾಮೆಂಟೂ ಓದಿ ಹೇಳಿದ್ದನಂತೆ, ಒಂದೂ ಬಿಡದೆ, ಹಲ್ಲು ಕಿರಿದ ಮುಖಗಳನ್ನೂ ಮಾಡಿ ತೋರಿಸಿ. ಮತ್ತೆ ನನ್ನ ಸುಳ್ಳನ್ನು ಎಂಟು ದಿನ ಯಾಕೆ ಕೇಳಿದಿರಿ ಎಂದು ಹೇಗೋ ಕೇಳಿದೆ. "ಮದಲ್ನೇ ದಿನ ನಿಮ್ಮ ಬಾಯಿಲೇ ಅದನ್ನೆಲ್ಲ ಹೆಂಗ ಓದ್ತೀರಿ ನೋಡೂಣಂತ ಬಂದಿದ್ದೆ. ನೀವು ಆ ಚಾದಂಗಡಿಯಾಂವ್ನ ತಂದ್ರಿ. ಮೂರ್ ವರ್ಷಾತು, ಎಲ್ಲಾರೂ ನನ್ನ ಮಗಗ ವೀರ ವೀರ ಅಂತಾರ, ಅಂವ ಬಸ್ಸಿಗಿ ಬಂದಿದ್ದು ನಾ ಯಾರ ಮುಂದ ಹೇಳ್ಲಿ?" ಅಂದರು. ಲೇಖನ ತೆಗೆಯಬೇಡ ಅಂದರು. ಬರುವ ಸೋಮವಾರ ಠಾಣೆಗೆ ತಾವೂ ದತ್ತುವೂ ಬರುತ್ತಾರಂತೆ. "ನೀವು ಬಾಯಿ ಬಿಡಬ್ಯಾಡ್ರಿ. ನಾ ಮಾತಾಡ್ತೀನಿ." ಏನು ಮಾತಾಡ್ತೀರಿ ಅಂದರೆ, "ಅಲ್ಲೇ ಕೇಳ್ರಿ" ಎಂದು ಬುಟ್ಟಿ ಎತ್ತಿಕೊಂಡು ಹೋದರು. ಹತ್ತೂವರೆಗೆ ಕರೆದಿದ್ದಾರೆ. ನೀನು ಕೋಟು ಬಿಟ್ಟು ಬಾ, ನನ್ನ ಪಕ್ಕದಲ್ಲಿ ಕೂತಿರು. ಸುಮ್ಮನೆ ಕೂತು ಅಭ್ಯಾಸವಿಲ್ಲ ನನಗೆ.