ಉಪವಾಸದ ಇಲಿಗಳು

ಪ್ರಯೋಗಾಲಯ, ಇಲಿಗಳ ಕೋಣೆ
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಗುಂಡಣ್ಣಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಹಡಗಿನ ಅಡುಗೆಮನೆಯಲ್ಲಿ ರುಚಿ ನೋಡುವ ನೆಪದಲ್ಲಿ ಎರಡು ಊಟ ಹೊಡೆಯುವ ಚಾಳಿ ಬಿಟ್ಟೆಯಾ? ಅತ್ತಿಗೆ, ಮಗು ಇಲ್ಲಿ ಚೆನ್ನಾಗಿದ್ದಾರೆ. ನನಗೆ ಮಾತ್ರ ಮೂರು ದಿನದಿಂದ ಊಟ ಸೇರುತ್ತಿಲ್ಲ.

ಸೊಂಟದ ಸುತ್ತಳತೆ, ಸಕ್ಕರೆ, ಬಿ.ಪಿ. ಒಟ್ಟೊಟ್ಟಿಗೆ ಏರುವ ನಿನ್ನ ಕಾಯಿಲೆಗೆ ಜೀವಕೋಶದ ಮೇಲೆ ಕೂತು ಸುದ್ದಿ ಹಿಡಿಯುವ ಒಂದು ಗ್ರಾಹಕವೇ (ರಿಸೆಪ್ಟರ್) ಕಾರಣ ಎಂದು ಹೋದ ತಿಂಗಳು ಕುಣಿದಾಡಿಕೊಂಡು ಬರೆದಿದ್ದೆನಲ್ಲ? ಕೊಬ್ಬಿನ ಸುಳಿವು ಸಿಕ್ಕರೆ ಸಾಕು, ಅದು ಎಚ್ಚೆತ್ತು, ಇನ್ಸುಲಿನ್ ಹೇಳಿದ್ದು ಜೀವಕೋಶದ ಕಿವಿಗೇ ಬೀಳದಂತೆ ಮಾಡುತ್ತದೆ ಎಂದು. ಆ ಗ್ರಾಹಕವೇ ಇಲ್ಲದೆ ಹುಟ್ಟಿಸಿದ ಇಲಿಗಳು ಎಷ್ಟು ಜಿಡ್ಡು ತಿಂದರೂ ತೆಳ್ಳಗೇ ಇದ್ದವು, ಸಕ್ಕರೆಯೂ ಏರಲಿಲ್ಲ. ಗ್ರಾಹಕ ಇದ್ದವು ಊದಿಕೊಂಡವು, ಸಕ್ಕರೆಯೂ ವಿಪರೀತ. 'ಅದರ ಬಾಯಿ ಮುಚ್ಚಿಸೋ ಮಾತ್ರೆ ಇನ್ನೇನು ಬಂದೇಬಿಡುತ್ತೆ' ಎಂದು ನಮ್ಮ ಮೇಡಂ ಹೇಳಿದ್ದನ್ನೂ ನಿನಗೆ ಬರೆದೆ.

ಅಣ್ಣಾ, ತಪ್ಪು ನನ್ನದು. ಸಕ್ಕರೆ ಅಳೆಯುವ ಮುಂಚೆ ಇಲಿಗಳನ್ನು ಆರು ಗಂಟೆ ಉಪವಾಸ ಕೆಡವಬೇಕು. ಆ ಕೆಲಸ ನನ್ನದೇ. ತೆಳ್ಳಗಿನವು ಮುದುರಿಕೊಂಡು ಮಲಗುತ್ತವೆ. ದಪ್ಪನೆಯವು ತಂತಿ ಹಿಡಿದು ನಿಂತು ನನ್ನ ಮುಖವನ್ನೇ ನೋಡುತ್ತವೆ, ಥೇಟ್ ನಿನ್ನ ಹಾಗೇ. 'ಹಸಿದವರ ಮುಂದೆ ಕೈ ಕಟ್ಕೊಂಡು ನಿಲ್ಬೇಡ ಕಣೇ' ಎನ್ನುತ್ತಿದ್ದಳಲ್ಲ ಅಮ್ಮ! ಕರುಳು ಚುರುಕ್ ಎಂದು ಪ್ರತಿ ಸಲವೂ ಆ ದಪ್ಪನೆಯವಕ್ಕೆ ಮಾತ್ರ ಕದ್ದು ಒಂದೊಂದು ಮೇವಿನ ಉಂಡೆ ಹಾಕಿದೆ. ಒಂದು ಉಂಡೆಯಿಂದ ಏನು ಮಹಾ ಎಂದುಕೊಂಡೆ. ಮೊನ್ನೆ ನಾನು ರಜೆ ಹಾಕಿದ್ದಾಗ ಬೇರೆಯವರು ಅಳೆದರು. ಎರಡು ಗುಂಪಿಗೂ ಸಕ್ಕರೆ ಹೆಚ್ಚುಕಮ್ಮಿ ಒಂದೇ! ತೂಕದ ವ್ಯತ್ಯಾಸ ನಿಜ, ಸಕ್ಕರೆಯ ವ್ಯತ್ಯಾಸ ಮಾತ್ರ ನನ್ನ ಉಂಡೆಯಿಂದ ಬಂದದ್ದು. ಪಾಪ, ಮೇಡಂ ಮೀಟರ್ ಕೆಟ್ಟಿದೆ ಎಂದು ಮೀಟರನ್ನು ಬೈಯುತ್ತಿದ್ದಾರೆ. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ನಾನು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಇಂದು ಬೆಳಗ್ಗೆ ನಿನ್ನ ಪತ್ರ ಬಂತು. ಓದಿದವಳೇ ಈ ಕಾಗದ ಬರೆಯಲು ಕೂತೆ.

ಗುರುವಾರ ಹಡಗು ಬಂದರು ಮುಟ್ಟುತ್ತಲೇ ಇದನ್ನು ನಿನ್ನ ಕೈಗೆ ಕೊಡಲು ನಿಮ್ಮ ಹಡಗು ಕಂಪನಿಯ ಕಚೇರಿಯವರಿಗೆ ಹೇಳಿದ್ದೇನೆ. ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಒಲೆಯ ಮುಂದೆ ತುಂಬಾ ಹೊತ್ತು ನಿಲ್ಲಬೇಡ.

ನಿನ್ನ ತಂಗಿ,
ಕಡ್ಡಿ

ತಾ.ಕ.: 'ಹೊಸದು ಬರುತ್ತಲ್ಲ, ಹಳೇ ಮಾತ್ರೆ ಎಲ್ಲಾ ನಿಲ್ಲಿಸಿದೀನಿ' ಎಂದು ಬರೆದಿದ್ದೀಯ. ಹೊಸದು ಯಾವುದೂ ಬರುತ್ತಿಲ್ಲ ಕಣೋ. ಈಗಷ್ಟೇ ಮೇಡಂಗೆ ಎಲ್ಲ ಹೇಳಿ ಬಂದೆ; ಅವರು ಬಾಗಿಲು ಹಾಕಿಕೊಂಡರು. ಅದು ಏನಾದರೂ ಆಗಲಿ. ಬಂದರಿನಲ್ಲಿ ಡಾಕ್ಟರನ್ನು ನೋಡಿ, ಅವತ್ತೇ ಮಾತ್ರೆ ಶುರು ಮಾಡು. ಮೊದಲು ನುಂಗು, ಆಮೇಲೆ ಎಷ್ಟು ಬೇಕಾದರೂ ಬೈ.