ಮೊದಲು ಮುಟ್ಟುವ ಕೈ

ಹೊಟ್ಟೆಯೊಳಗಿನ ನನ್ನ ಮರಿಗೆ,

ತಲೆ ಮೇಲೆ, ಕುಂಡೆ ಕೆಳಗೆ ಮಾಡಿಕೊಂಡು ಮಹಾರಾಜರ ಹಾಗೆ ಕೂತಿದ್ದೀಯಲ್ಲ, ನಿನಗೊಂದು ದೊಡ್ಡ ನಮಸ್ಕಾರ. ನಿನ್ನನ್ನು ತಿರುಗಿಸಲು ಇಡೀ ಬೀದಿ ಒದ್ದಾಡಿತು. ನೀನು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಈ ಹಠ ನಮ್ಮ ಮನೆತನದ್ದೇ, ಅದರಲ್ಲಿ ಅನುಮಾನವಿಲ್ಲ.

ನಾಳೆ ಬೆಳಗ್ಗೆ ನೀನು ಹೊರಗೆ ಬರುತ್ತೀಯ. ಅದಕ್ಕೆ ಮೊದಲು, ಎಂಥವರ ನಡುವೆ ಬಂದು ಬೀಳುತ್ತಿದ್ದೀಯ ಎಂದು ಹೇಳಿಬಿಡುತ್ತೇನೆ.

ನಮ್ಮದು ಚಿಕ್ಕ ಆಸ್ಪತ್ರೆ. ಮಹಡಿಯ ಮೇಲೆ ಮನೆ, ಕೆಳಗೆ ನಾಲ್ಕು ಹಾಸಿಗೆ, ಒಂದು ಹೆರಿಗೆ ಕೋಣೆ, ಹೊರಗೆ ಉದ್ದನೆಯ ಬೆಂಚು. ಡಾಕ್ಟರುಗಳು ಇಬ್ಬರೇ, ನಿನ್ನ ಅಜ್ಜಿ ಮತ್ತು ನಾನು. ಔಷಧಿ ಕೊಡುವ ಕಿಟಕಿಯಲ್ಲಿ ನಿನ್ನಪ್ಪ. ಬೆಂಚಿನ ಮೇಲೆ ಕೂತವರ ಕೆಮ್ಮು ಕೇಳಿಯೇ ಅಜ್ಜಿ ಒಳಗಿನಿಂದ, "ನಿಮ್ಮಪ್ಪಂದೂ ಇದೇ ಕೆಮ್ಮು, ಬೀಡಿ ಬಿಡು ಅಂದ್ರೆ ಅವನೂ ಕೇಳಲಿಲ್ಲ" ಎಂದು ಬೈಯುತ್ತಾಳೆ. ಬೈಸಿಕೊಂಡವರಿಗೆ ಅರ್ಧ ಕಾಯಿಲೆ ಅಲ್ಲೇ ವಾಸಿ.

ಹೆರಿಗೆಯ ಹೊತ್ತಿಗೆ ಅವಳದೊಂದು ಪದ್ಧತಿ ಇದೆ. ಮಗು ಬರುವ ಮುಂಚೆ ಬಿಸಿನೀರಿನಲ್ಲಿ ಕೈ ತೊಳೆದು, ಬೆಚ್ಚಗಾಗುವವರೆಗೆ ಉಜ್ಜಿಕೊಂಡು, ಆಮೇಲೆಯೇ ಗ್ಲೌಸು. "ಮೊದಲು ಮುಟ್ಟೋ ಕೈ ತಣ್ಣಗಿರಬಾರದು ಕಣೇ. ಎಂಥಾ ಕಡೆ ಬಂದೆನಪ್ಪಾ ಅಂದ್ಕೊಳ್ಳುತ್ತೆ ಮಗು" ಅನ್ನುತ್ತಾಳೆ. ಬೀದಿಯ ಅರ್ಧ ಜನ ಆ ಕೈಗೆ ಬಂದವರೇ. ನಾನೊಬ್ಬಳು ಆ ಭಾಗ್ಯ ತಪ್ಪಿಸಿಕೊಂಡೆ. ನಾನು ಹುಟ್ಟುವಾಗ ಅವಳು ಹೆರುವುದರಲ್ಲಿ ಮುಳುಗಿದ್ದಳು, ಪಾಪ. ನೀನಾದರೂ ಆ ಕೈಗೆ ಬೀಳಬೇಕೆಂದು ನನಗೆ ಎಷ್ಟು ಆಸೆಯಿತ್ತು ಗೊತ್ತೆ?

ನೀನು ಕುಂಡೆ ಊರಿ ಕೂತೆ. ಚೊಚ್ಚಲ ಹೆರಿಗೆಯಲ್ಲಿ ಮಗು ಹಾಗೆ ಕೂತರೆ ದೊಡ್ಡಾಸ್ಪತ್ರೆಗೆ ಕಳಿಸುವುದು ಅಜ್ಜಿಯ ಕಟ್ಟುನಿಟ್ಟು. ಸುದ್ದಿ ಬೆಂಚಿಗೆ ಮುಟ್ಟಿದ್ದೇ ತಡ, ಜನ ಜ್ವರಕ್ಕೆ ಬಂದದ್ದನ್ನೇ ಮರೆತರು. ಕಟಿಂಗ್ ಶಾಪಿನ ಮಾಮ ನನ್ನ ಹೊಟ್ಟೆಯ ಮುಂದೆ ನಿಂತು, "ಮರೀ, ಇಲ್ಲಿ ನೋಡೋ, ಹಂಗೆ ತಲೆ ಬಗ್ಸು, ಅಷ್ಟೇ" ಎಂದು ಗಿರಾಕಿಗೆ ಹೇಳುವಂತೆ ಹೇಳಿದ. ಬಟ್ಟೆ ಹೊಲಿಯುವ ಅತ್ತೆ ಅವನನ್ನು ಪಕ್ಕಕ್ಕೆ ತಳ್ಳಿ, "ನಿನ್ನ ಕತ್ತರಿ ನೋಡಿಯೇ ಮಗು ತಿರುಗ್ತಿಲ್ಲ" ಅಂದಳು. ನಕ್ಕೂ ನಕ್ಕೂ ನನ್ನ ಪಕ್ಕೆ ನೋವು ಬಂತು, ನೀನೂ ಒಂದೆರಡು ಒದೆ ಕೊಟ್ಟೆ. ತಿರುಗಲಿಲ್ಲ.

ಮೊನ್ನೆ ಅಜ್ಜಿ ಹೊಟ್ಟೆ ಮುಟ್ಟಿ ನೋಡಿ ದೊಡ್ಡಾಸ್ಪತ್ರೆಗೆ ಫೋನು ಮಾಡಲು ಎದ್ದಳು. ಡಾಕ್ಟರಾಗಿ ನನಗೆ ಎಲ್ಲ ಗೊತ್ತು. ಆದರೂ ಮಗಳಾಗಿ ಅಂಗಲಾಚಿದೆ, "ಇಲ್ಲೇ ಮಾಡಮ್ಮಾ, ನಿನ್ನ ಕೈಲೇ." ಅವಳು ನನ್ನ ಸೆರಗು ಸರಿಮಾಡಿ, "ಬೇರೆಯವರ ಮಗಳನ್ನ ಕಳಿಸಿ ನನ್ನ ಮಗಳನ್ನ ಇಟ್ಕೊಂಡ್ರೆ ನಾನೆಂಥ ಡಾಕ್ಟ್ರು? ನಮ್ಮ ಕೈಲಾಗಲ್ಲ ಅಂತ ಹೇಳೋಕೆ ಬಂದ್ರೇನೇ ಇಂಥ ಆಸ್ಪತ್ರೆ ನಡೆಸೋ ಯೋಗ್ಯತೆ" ಅಂದಳು. ಇಬ್ಬರೂ ಅತ್ತೆವು. ಬಾಗಿಲ ಹಿಂದೆ ನಿನ್ನಪ್ಪನೂ ಅತ್ತ, ಧೂಳು ಬಿತ್ತು ಎಂದ.

ಇವತ್ತು ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಬಂದೆವು. ಇಲ್ಲಿನ ಸರ್ಜನ್ನು ಅಜ್ಜಿಯನ್ನು ಬರೀ ಫೋನಿನಲ್ಲಿ ಬಲ್ಲವರು. ಎಷ್ಟೋ ಬಸುರಿಯರನ್ನು ಅಜ್ಜಿ ಕಳಿಸಿದ್ದು ಇವರ ಬಳಿಗೇ. ಅವಳನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದರು. "ಅಮ್ಮಾ, ನೀವು ಕಳಿಸಿದ ಒಬ್ಬರೂ ಇಲ್ಲಿಗೆ ತಡವಾಗಿ ಬಂದಿಲ್ಲ. ಎಷ್ಟು ಜೀವ ಉಳಿದಿದೆ ನಿಮಗೇ ಗೊತ್ತಿಲ್ಲ. ನಾಳೆ ಕೊಯ್ಯೋದು ನಾನು. ಮಗು ಹಿಡ್ಕೊಳ್ಳೋದು ನೀವು" ಎಂದರು.

ಯಾವ ಮಾತಿಗೂ ಎದುರುತ್ತರ ಇಟ್ಟುಕೊಂಡಿರುವ ನಿನ್ನ ಅಜ್ಜಿ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ನಿಮ್ಮ ನಲ್ಲೀಲಿ ಬಿಸಿನೀರು ಬರುತ್ತಾ?"

ಈಗ ಅದನ್ನೇ ನೋಡಿಕೊಂಡು ಬರಲು ಹೋಗಿದ್ದಾಳೆ. ನಮ್ಮ ಬೀದಿಯಲ್ಲಿ ನಾಳೆ ಯಾರೂ ಕಾಯಿಲೆ ಬೀಳಕೂಡದು ಎಂದು ಕಟಿಂಗ್ ಶಾಪಿನ ಮಾಮನ ಅಪ್ಪಣೆಯಾಗಿದೆಯಂತೆ. ನನಗಂತೂ ಖುಷಿಗೆ ಊಟವೇ ಸೇರುತ್ತಿಲ್ಲ.

ತಿರುಗದಿದ್ದರೆ ಬೇಡ ಬಿಡು, ಕಂದ. ಕೂತ ಹಾಗೇ ಬಾ. ನೂರು ಕಾಲ ಬಾಳು, ನಿನ್ನನ್ನು ಮುಟ್ಟುವ ಕೈಗಳೆಲ್ಲ ಬೆಚ್ಚಗಿರಲಿ.

ನಿನ್ನನ್ನು ಹೊತ್ತು ಸೊಂಟ ಬಿದ್ದುಹೋದರೂ ನಗುತ್ತಿರುವ,
ನಿನ್ನ ಅಮ್ಮ